ಕಾಲು ಇಂಚಿನ ಕಾಟ

ನಾನು ದೊಡ್ಡ ಕೌದಿ ಹೊಲಿಯಲು ಶುರು ಮಾಡಿ ಮೂರು ವರ್ಷ ಆಯಿತು. ಅದು ಈಗಲೂ ಬೀರುವಿನ ಮೇಲೆ ಒಂದು ಚೀಲದೊಳಗೆ ಅರ್ಧಂಬರ್ಧ ಬಿದ್ದಿದೆ. ಕೌದಿ ಹೊದ್ದು ಮನುಷ್ಯರು ಮಲಗಬೇಕು. ನಮ್ಮನೆಯಲ್ಲಿ ಕೌದಿಯೇ ಮಲಗಿದೆ.

ಹಾಗಾಗಿ ತಂಗಿಯ ಮಗಳು ತನ್ನ ಬೊಂಬೆಗೊಂದು ಕೌದಿ ಬೇಕು ಅಂದಾಗ ನಾನು ಕುಣಿದಾಡಿಬಿಟ್ಟೆ. ಅವಳ ಬೊಂಬೆಮನೆಯ ಮಂಚ ಆರು ಇಂಚು ಉದ್ದ. ಇಂಥ ಬೊಂಬೆಮನೆಗಳಲ್ಲಿ ಸಾಮಾನ್ಯವಾಗಿ ನಮ್ಮ ಒಂದು ಅಡಿಗೆ ಅಲ್ಲಿ ಒಂದು ಇಂಚಿನ ಲೆಕ್ಕ. ಆರು ಅಡಿಯ ಕೌದಿ ಅಲ್ಲಿ ಆರು ಇಂಚು. ಅಂದಮೇಲೆ ಕೆಲಸವೂ ಹನ್ನೆರಡನೇ ಒಂದು ಪಾಲು, ಅಲ್ವಾ? ಒಂದು ಭಾನುವಾರ ಸಾಕು ಅಂತ ತಂಗಿಗೆ ಹೇಳಿಯೂ ಬಿಟ್ಟೆ.

ಕೌದಿ ಕುಗ್ಗಿದರೆ ತುಂಡುಗಳ ಲೆಕ್ಕ ಕುಗ್ಗುವುದಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ಅಡ್ಡ ಹನ್ನೆರಡು, ಉದ್ದ ಹನ್ನೆರಡು ಚೌಕ ಅಂದರೆ 144. ಆನೆಗೆ ಹೊದಿಸಿದರೂ 144, ಇರುವೆಗೆ ಹೊದಿಸಿದರೂ 144. ಎಲ್ಲವೂ ಸಣ್ಣದಾಗುತ್ತದೆ, ನನ್ನ ಬೆರಳುಗಳನ್ನು ಬಿಟ್ಟು.

ಇನ್ನು ಆ ಕಾಲು ಇಂಚು. ತುಂಡಿನ ಪ್ರತಿ ಅಂಚಿನಲ್ಲೂ ಹೊಲಿಗೆಗಾಗಿ ಕಾಲು ಇಂಚು ಬಿಡುವುದು ಕೌದಿಯವರ ಪದ್ಧತಿ. ಅರ್ಧ ಇಂಚಿನ ಚೌಕ ಕಾಣಬೇಕಾದರೆ ಒಂದು ಇಂಚಿನ ಚೌಕ ಕತ್ತರಿಸಬೇಕು. ಲೆಕ್ಕ ಹಾಕಿ ನೋಡಿ, ಬಟ್ಟೆಯ ಮುಕ್ಕಾಲು ಪಾಲು ಒಳಗೇ ಅಡಗಿಕೊಳ್ಳುತ್ತದೆ. ಬಣ್ಣ ಆರಿಸಿ, ಹೂವು ಆರಿಸಿ, ಇಸ್ತ್ರಿ ಮಾಡಿ, ಕೊನೆಗೆ ಅದರಲ್ಲಿ ಹೆಚ್ಚಿನದನ್ನು ಹಿಂದಕ್ಕೆ ಬಚ್ಚಿಡುವ ಕಲೆ ಇದು. ದೊಡ್ಡ ಹೂವಿನ ಬಟ್ಟೆ ಆರಿಸಿದ್ದು ಇನ್ನೊಂದು ಪೆದ್ದುತನ. ಒಂದು ಚೌಕದಲ್ಲಿ ಅರ್ಧ ಎಸಳು, ಇನ್ನೊಂದರಲ್ಲಿ ಬರೀ ಹಸಿರು, ಮತ್ತೊಂದರಲ್ಲಿ ಏನೂ ಇಲ್ಲ. ಇಂಥದ್ದಕ್ಕೆ ಸಾಸಿವೆಯಷ್ಟು ಚುಕ್ಕಿ, ನೂಲಿನಷ್ಟು ಗೆರೆ ಇರುವ ಬಟ್ಟೆಯೇ ಆಗಬೇಕು.

144 ಚೌಕಗಳನ್ನು ಒಂದೊಂದಾಗಿ ಕತ್ತರಿಸಿ ಮೇಜಿನ ಮೇಲೆ ಚೆಂದವಾಗಿ ಜೋಡಿಸಿಟ್ಟೆ. ಆಗ ಸೀನು ಬಂತು.

ಸೀನನ್ನು ತಡೆಯಬಹುದಿತ್ತು, ಮುಖವನ್ನಾದರೂ ತಿರುಗಿಸಬಹುದಿತ್ತು. ನಾನು ಮಾಡಿದ್ದು ಎರಡೂ ಅಲ್ಲ. ಹುಡುಕಿದಾಗ 141 ಸಿಕ್ಕವು. ಒಂದು ಮರುದಿನ ನನ್ನ ಕಾಲುಚೀಲದಲ್ಲಿ ಸಿಕ್ಕಿತು. ಇನ್ನೊಂದು, ಗಂಭೀರವಾದ ಮೀಟಿಂಗ್ ನಡುವೆ ನನ್ನ ಮೊಣಕೈಗೆ ಅಂಟಿಕೊಂಡಿದ್ದನ್ನು ಪಕ್ಕದವರು ತೋರಿಸಿದರು. "ಏನಿದು?" ಅಂದರು. "ಕೌದಿ" ಅಂದೆ. ಅವರು ಮುಂದೇನೂ ಕೇಳಲಿಲ್ಲ. ಮೂರನೆಯದು ಇವತ್ತಿಗೂ ನಾಪತ್ತೆ.

ಹೊಲಿಗೆ ಮಷಿನ್‌ಗೂ ಸಣ್ಣ ತುಂಡುಗಳೆಂದರೆ ಬಲು ಇಷ್ಟ. ಸೂಜಿ ಇಳಿಯುವ ತಗಡಿನಲ್ಲಿ ಅಗಲವಾದ ತೂತು ಇದ್ದರೆ ಚೌಕದ ಮೂಲೆ ಅದರೊಳಗೆ ಸೀದಾ ಇಳಿದುಹೋಗುತ್ತದೆ. ಕೆಳಗೆ ಗರಗರ ಸದ್ದು. ಎಳೆದರೆ ಬಟ್ಟೆ ಬರುವುದಿಲ್ಲ, ದಾರದ ಗೂಡು ಬರುತ್ತದೆ. ನಾಲ್ಕು ತುಂಡು ಹಾಗೆ ಬಲಿಯಾದ ಮೇಲೆ ಒಬ್ಬ ಗೆಳತಿ ಉಪಾಯ ಹೇಳಿಕೊಟ್ಟಳು. ಒಂದೇ ಸಣ್ಣ ತೂತಿನ ತಗಡು ಹಾಕು, ಮೊದಲು ಯಾವುದಾದರೂ ಚಿಂದಿಯ ಮೇಲೆ ಹೊಲಿಗೆ ಶುರು ಮಾಡಿ ಅಲ್ಲಿಂದ ಚೌಕಕ್ಕೆ ಹೋಗು ಅಂತ. ಅಂದರೆ ಮಷಿನ್‌ಗೆ ಮೊದಲು ಒಂದು ಚಿಂದಿಯ ಲಂಚ.

ಆಮೇಲೆ ಸಾಲು ಹೊಲಿದೆ. ಹೊಲಿಗೆ ಹೆಚ್ಚುಕಡಿಮೆ ನೇರವಾಗಿಯೇ ಇತ್ತು. ಕಾಲು ಇಂಚಿನ ಜಾಗದಲ್ಲಿ ಕೂದಲೆಳೆಯಷ್ಟು ಜಾಸ್ತಿ ಹಿಡಿದಿದ್ದೆ, ಅಷ್ಟೇ. ಇಂಚಿನಲ್ಲಿ 32ನೇ ಒಂದು ಪಾಲು. ಒಂದು ಮಿಲಿಮೀಟರ್ ಕೂಡ ಅಲ್ಲ. ದೊಡ್ಡ ಕೌದಿಯಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಹೊಲಿಗೆಯ ಎರಡು ಕಡೆಯೂ ಅಷ್ಟಷ್ಟು ಹೋಗುತ್ತದೆ, ಸಾಲಿಗೆ ಹನ್ನೊಂದು ಹೊಲಿಗೆ. ಒಟ್ಟು 11/16 ಇಂಚು ಮಾಯ! ಒಂದು ಇಡೀ ಚೌಕಕ್ಕಿಂತ ಜಾಸ್ತಿ. ಹನ್ನೆರಡು ಚೌಕ ಕಣ್ಣೆದುರೇ ಇವೆ, ಅಳತೆ ಮಾತ್ರ ಹನ್ನೊಂದು ಚೌಕಕ್ಕೂ ಸಾಲದು.

ಮೂಲೆಗಳು ಸೇರುವ ಕಡೆ ಹಿಂದೆ ಅಡಗಿದ ಬಟ್ಟೆಯೆಲ್ಲ ಗಂಟು ಕಟ್ಟಿ ಗುಡ್ಡವಾಗಿತ್ತು. ಅಲ್ಲೊಂದು ಸೂಜಿ ಮುರಿಯಿತು. ಹೊಲಿದಾದ ಮೇಲೆ ಒಳಗಿನ ಅಂಚನ್ನು ಅರ್ಧಕ್ಕೆ ಕತ್ತರಿಸಬೇಕು, ಒಂದು ಸಾಲಿನ ಮಡಿಕೆ ಎಡಕ್ಕಾದರೆ ಮುಂದಿನದು ಬಲಕ್ಕೆ ಬರುವಂತೆ ಇಸ್ತ್ರಿ ಮಾಡಬೇಕು ಅನ್ನುವುದು ನನಗೆ ಸೂಜಿ ಮುರಿದ ಮೇಲೆ ಗೊತ್ತಾಯಿತು. ನನಗೆ ಎಲ್ಲವೂ ಮುರಿದ ಮೇಲೇ ಗೊತ್ತಾಗುವುದು.

ನಡುವೆ ಹಾಕುವ ಹತ್ತಿಯ ಪದರವನ್ನು ದೊಡ್ಡ ಕೌದಿಗೆ ತಂದದ್ದರಲ್ಲೇ ಕತ್ತರಿಸಿ ಹಾಕಿದೆ. ಬೊಂಬೆಗೆ ಬೆಚ್ಚಗಿರಲಿ ಅಂತ. ಕೌದಿ ಬಾಗಲೇ ಇಲ್ಲ. ಬೊಂಬೆಯ ಮೇಲಿಟ್ಟರೆ ಹೊದಿಕೆ ಅನ್ನಿಸಲಿಲ್ಲ, ಚಪ್ಪಡಿ ಹೊದಿಸಿದ ಹಾಗಿತ್ತು.

ಐದು ಭಾನುವಾರಗಳ ಮೇಲೆ ಅದನ್ನು ಹುಡುಗಿಗೆ ಕೊಟ್ಟೆ. ಗಲ್ಲದವರೆಗೆ ಹೊದಿಸಿದಳು. ಕಾಲು ಹೊರಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ, ಆದರೆ ಈ ಬೊಂಬೆಗೆ ಮಂಡಿಯೇ ಮಡಚುವುದಿಲ್ಲ. ಹುಡುಗಿ ಒಂದು ನಿಮಿಷ ನೋಡಿ, "ಅವಳಿಗೆ ಸೆಕೆ ಆಗ್ತಿದೆ, ದೊಡ್ಡಮ್ಮ" ಅಂದಳು. ತಂಗಿ ಮಾತ್ರ, "ಲೋಟ ಇಡೋಕೆ ಚೆನ್ನಾಗಿದೆ" ಅಂದಳು.

ಆ ಮಾತು ಕೇಳಿ ಸುಮ್ನೆ ಇರಲಾಗಲಿಲ್ಲ. ಇನ್ನೊಂದು ಶುರು ಮಾಡಿದೆ. ಈ ಸಲ ಒಂದು ಇಂಚು ಅಗಲದ ಉದ್ದ ಪಟ್ಟಿಗಳನ್ನು ಮೊದಲೇ ಸೇರಿಸಿ ಹೊಲಿದು, ಆಮೇಲೆ ಅಡ್ಡಕ್ಕೆ ಕತ್ತರಿಸಿದೆ. ಬಿಡಿ ಚೌಕವೇ ಇಲ್ಲ, ಸೀನಿಗೂ ಕೆಲಸವಿಲ್ಲ. ಹತ್ತಿಯ ಬದಲು ತೆಳು ಫ್ಲಾನೆಲ್ ಹಾಕಿದೆ. ಒಂದು ರಾತ್ರಿ, ಎರಡು ಸಾಲು ಸೇರಿಸಿ ಹೊಲಿದು ಹರಡಿ ನೋಡಿದರೆ ನಾಲ್ಕು ಚೌಕದ ಮೂಲೆಗಳು ಒಂದೇ ಚುಕ್ಕಿಯಲ್ಲಿ ಕೂತಿದ್ದವು. ಮನೆಯವರೆಲ್ಲ ಮಲಗಿದ್ದರು. ಎಬ್ಬಿಸಿ ತೋರಿಸಿದೆ. ಯಾರೂ ನನ್ನಷ್ಟು ಸಂತೋಷಪಡಲಿಲ್ಲ. ದೊಡ್ಡ ಕೌದಿಯನ್ನು ಹರಡಿ ದೂರ ನಿಂತು ನೋಡಬೇಕು. ಇದು ಅಂಗೈಯಲ್ಲೇ ಪೂರ್ತಿ ಕಾಣುತ್ತದೆ. ತಪ್ಪೂ ಹಾಗೇ ಕಾಣುತ್ತದೆ, ಅದು ಬೇರೆ ಮಾತು.

ಎರಡನೆಯದು ಸರಿಯಾಗಿ ಆರು ಇಂಚು ಬಂತು. ಹುಡುಗಿ ನೋಡಿದಳು, ಮುಟ್ಟಿದಳು, ವಾಪಸ್ ಕೊಟ್ಟಳು. ಬೊಂಬೆಗೆ ಹಳೆಯದೇ ಬೇಕಂತೆ, ಅಭ್ಯಾಸ ಆಗಿದೆಯಂತೆ. "ಆದರೆ ಅವಳ ನಾಯಿಮರಿಗೆ ಕೌದಿ ಇಲ್ಲ" ಅಂದಳು.

ನಾಯಿಮರಿ ಎರಡು ಇಂಚು ಇದೆ. ಕಾಲು ಇಂಚಿನ ಚೌಕ ಹಾಕಿದರೆ ಅಡ್ಡ ಎಂಟು, ಉದ್ದ ಎಂಟು. ಬರೀ 64 ತುಂಡು. ಒಂದು ಭಾನುವಾರ ಸಾಕು ಅಂತ ತಂಗಿಗೆ ಹೇಳಿದ್ದೇನೆ.