ಕೊಪ್ಪರಿಗೆ ಎಲ್ಲಿದೆ ಅಂತ ಬರೆದಿದೆ ಸಾರ್?

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಮತ್ತೆ ಯಾರೋ ನಿಧಿಗೆ ಗುಂಡಿ ತೋಡಿದ್ದಾರೆ. ನೀವೂ ಓದಿರುತ್ತೀರಿ. ಅದೇ ಅಮಾವಾಸ್ಯೆ, ಅದೇ ನಿಂಬೆಹಣ್ಣು, ಅದೇ ಕುಂಕುಮ. ಗುಂಡಿ ಮಾತ್ರ ಹೊಸದು. ಓದಲು ಬಾರದ ಅಕ್ಷರ ಬಂಡೆ ಮೇಲೆ ಕಂಡರೆ ಸಾಕು, ನಮ್ಮವರಿಗೆ ಅದು ಕೊಪ್ಪರಿಗೆಯ ವಿಳಾಸ.

ಹಾಗೆ ನೋಡಿದರೆ ಮೊಳಕಾಲ್ಮೂರಿನಷ್ಟು ಸಿರಿವಂತ ತಾಲೂಕು ಇನ್ನೊಂದಿಲ್ಲ ಬಿಡಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬರುವ ತನಕ ಬ್ರಹ್ಮಗಿರಿಯದು ಊರವರಿಗೆ ಬರೀ ‘ಅಕ್ಷರ ಗುಂಡು’. ಅದರ ಮೇಲೆ ಸುರಿದ ನೀರು ಔಷಧ ಅನ್ನುವ ನಂಬಿಕೆಯೂ ಇತ್ತು. ಜಟಿಂಗ ರಾಮೇಶ್ವರದ್ದು, ಅದೇ ರಾವಣನ ಜೊತೆ ಕಾದಾಡಿ ಜಟಾಯು ಬಿದ್ದ ಅನ್ನುವ ಬೆಟ್ಟದ್ದು, ‘ಬಳೆಗಾರರ ಗುಂಡು’. ಜಾತ್ರೆಯಲ್ಲಿ ಬಳೆಯವರು ಅದರ ಮೇಲೇ ಅಂಗಡಿ ಹರಡುತ್ತಿದ್ದರು, ಚಪ್ಪರದ ಗಳ ನಿಲ್ಲಿಸಲು ಬಂಡೆಗೆ ತೂತು ಹೊಡೆದಿದ್ದರು. ಅಕ್ಷರ ಸವೆದೇ ಹೋಯ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಹೊಟ್ಟೆಪಾಡು.

ಇಷ್ಟಕ್ಕೂ ಈ ಶಾಸನದಲ್ಲಿ ಇರುವುದೇನು? ಒಂದು ಸುತ್ತೋಲೆ! ಅಶೋಕನ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ರಾಜಕುಮಾರ, ಅಧಿಕಾರಿಗಳು ಸೇರಿ ಇಸಿಲ ಅನ್ನುವ ಊರಿನ ಮಹಾಮಾತ್ರರ, ಅಂದರೆ ಹಿರಿಯ ಅಧಿಕಾರಿಗಳ, ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಮಾತು ತಿಳಿಸಿದ್ದಾರೆ. ಥೇಟ್ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’. ಕೊನೆಯಲ್ಲಿ ಬರೆದವನು ಚಪಡ ಅಂತ ಹೆಸರು ಹಾಕಿಕೊಂಡಿದ್ದಾನೆ. ತಾನು ಲಿಪಿಕಾರ ಅನ್ನುವುದನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಆ ವಾಯವ್ಯದ ಲಿಪಿ ಇಲ್ಲಿ ಯಾರು ಓದಬೇಕಿತ್ತು? ಸುಮ್ನೆ ಗತ್ತು. ಕನ್ನಡ ಫೈಲಿಗೆ ಇಂಗ್ಲಿಷಿನಲ್ಲಿ ಸಹಿ ಹಾಕುವ ಗುಮಾಸ್ತನ ಮುತ್ತಜ್ಜ ಇವನೇ ಇರಬೇಕು.

ಜಾಸ್ತಿ ನಗು ಬರುವುದು ರಾಜನ ಮಾತಿಗೆ. ಉಪಾಸಕನಾಗಿ, ಅಂದರೆ ಬುದ್ಧನ ಗೃಹಸ್ಥ ಅನುಯಾಯಿಯಾಗಿ, ಎರಡೂವರೆ ವರ್ಷದ ಮೇಲಾಯ್ತು, ಆದರೆ ಒಂದು ವರ್ಷ ನಾನು ಅಷ್ಟಾಗಿ ಶ್ರಮ ಪಡಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಹೋದ ಮೇಲೆ ಪಟ್ಟೆ ಅಂತಾನೆ. ಅಲ್ಲ ಮಾರಾಯ, ಇದನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸುತ್ತಾರಾ? ನಮ್ಮವರನ್ನು ನೋಡಿ ಕಲಿ. ಮಾಡದ ರಸ್ತೆಗೂ ಗ್ರಾನೈಟ್ ಕಲ್ಲು, ಅದರ ತುಂಬ ಹೆಸರು, ಹೆಸರಿನ ಮುಂದೆ ಸನ್ಮಾನ್ಯ.

ಸ್ಮಾರಕ ಹಾಳು ಮಾಡಿದರೆ 2 ವರ್ಷದ ತನಕ ಜೈಲು ಅಥವಾ 1 ಲಕ್ಷದ ತನಕ ದಂಡ, ಇಲ್ಲಾ ಎರಡೂ ಅಂತ ಬೋರ್ಡೇನೋ ಇರುತ್ತೆ. ಅದರ ಪಕ್ಕದ ಬಂಡೆಯಲ್ಲೇ ಬಾಣ ಹೊಡೆದ ಹೃದಯ, ಅದರೊಳಗೆ ಎರಡು ಇನಿಶಿಯಲ್. ಬೇಜಾರಾಗುತ್ತೆ ರೀ. ಎರಡು ಸಾವಿರ ವರ್ಷಕ್ಕೂ ಹಳೇ ಕಲ್ಲು ಕಣ್ರೀ, ಒಡೆದರೆ ಇನ್ನೊಂದು ಎಲ್ಲಿಂದ ತರ್ತೀರಿ?

ಇದೇ ಮಾತನ್ನು ಟೀ ಅಂಗಡಿಯಲ್ಲಿ ಆಡುತ್ತಿದ್ದೆ. ಪಕ್ಕದಲ್ಲಿ ಮಿರ್ಚಿ ತಿನ್ನುತ್ತಿದ್ದ ಹುಡುಗ ಬೆಂಚು ಎಳೆದುಕೊಂಡು ಹತ್ತಿರ ಬಂದ. ದನಿ ತಗ್ಗಿಸಿ, "ಸಾರ್, ಕರೆಕ್ಟಾಗಿ ಎಲ್ಲಿ ಅಂತ ಬರೆದಿದೆ?" ಅಂದ.

"ಅಪ್ಪ ಅಮ್ಮನ ಮಾತು ಕೇಳು, ಪ್ರಾಣಿಗಳಿಗೆ ದಯೆ ತೋರಿಸು, ನಿಜ ಹೇಳು ಅಂತ ಬರೆದಿದೆ ಕಣಪ್ಪಾ."

ನನ್ನನ್ನೇ ಒಂದು ಕ್ಷಣ ನೋಡಿದ. "ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬಿಡಿ ಸಾರ್" ಅಂತ ಎದ್ದು ಹೋದ.