ಬಿಸಿನೀರಿನ ಚೀಲ ತರುವ ಮೊದಲು ಕೀಲನ್ನೊಮ್ಮೆ ಮುಟ್ಟಿ ನೋಡಿ

ಸಂಜೆ ಷಟಲ್ ಕೋರ್ಟಿನ ಹತ್ತಿರ ಕಂಡದ್ದಕ್ಕೆ ಇನ್ನೂ ಸಿಟ್ಟು ಇಳಿದಿಲ್ಲ. ಹುಡುಗನ ಕಾಲು ಉಳುಕಿ ಅರ್ಧ ಗಂಟೆಯೂ ಆಗಿರಲಿಲ್ಲ, ಪಾದದ ಕೀಲಿನ ಹೊರಬದಿ ಊದಿ ಮಿರಮಿರ ಮಿನುಗುತ್ತಿತ್ತು. ಅಷ್ಟರಲ್ಲೇ ಯಾರೋ ಮುಲಾಮು ತಿಕ್ಕಿ, ಅದರ ಮೇಲೆ ಬಿಸಿನೀರಿನ ಚೀಲ ಇಟ್ಟಾಗಿತ್ತು. ಇಟ್ಟವರದ್ದು ಪ್ರೀತಿಯೇ, ಅನುಮಾನವಿಲ್ಲ. ಆದರೆ ಆ ಪ್ರೀತಿ ಹುಡುಗನ ಊತವನ್ನು ರಾತ್ರಿಯೊಳಗೆ ಇನ್ನಷ್ಟು ಏರಿಸುತ್ತದೆ. ಊದಿದ ಕೀಲಿಗೆ ಶಾಖ ಕೊಡುವ ವಿಷಯದಲ್ಲಿ ನನ್ನದು ಹಳೇ ಜಗಳ. ಇವತ್ತು ಪೂರ್ತಿ ಬರೆದೇ ಬಿಡುತ್ತೇನೆ.

ಕೀಲು ನೋವು ಅಂದರೆ ಶಾಖ ಎನ್ನುವುದು ನಮ್ಮ ಮನೆಗಳಲ್ಲಿ ಬೇರೂರಿಬಿಟ್ಟಿದೆ. ಯಾವ ಕೀಲು, ಯಾಕೆ ನೋವು, ಊದಿದೆಯಾ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ. ಅಂಗೈಯ ಹಿಂಬದಿಯಿಂದ ನೋಯುವ ಕೀಲು ಮುಟ್ಟಿ, ಕೂಡಲೇ ಇನ್ನೊಂದು ಕಾಲಿನ ಅದೇ ಜಾಗ ಮುಟ್ಟಿ. ನೋಯುವ ಕಡೆ ಬಿಸಿಯಾಗಿದ್ದು, ಊದಿ ಕೆಂಪಾಗಿದ್ದರೆ ಐಸ್. ಎರಡೂ ಒಂದೇ ತರ ಇದ್ದು, ಬಿಗಿತವೇ ಮುಖ್ಯ ತೊಂದರೆಯಾದರೆ ಶಾಖ. ಇಷ್ಟಕ್ಕೆ ಹತ್ತು ಸೆಕೆಂಡೂ ಬೇಡ.

ಉಳುಕಿದಾಗ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು ಎಳೆದುಹೋಗಿರುತ್ತದೆ ಇಲ್ಲವೇ ಹರಿದಿರುತ್ತದೆ, ಸಣ್ಣ ರಕ್ತನಾಳಗಳೂ ಒಡೆದಿರುತ್ತವೆ. ಶಾಖ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಸೋರಿಕೆ ಹೆಚ್ಚುತ್ತದೆ, ಊತ ಏರುತ್ತದೆ. ಹಾಗಾಗಿ ಮೊದಲ 48 ಗಂಟೆ ಶಾಖವೂ ಬೇಡ, ಎಣ್ಣೆ ಹಚ್ಚಿ ನೀವುವುದೂ ಬೇಡ. ಕಾಲೂರಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗಿಣ್ಣಿನ ಮೂಳೆಯನ್ನೇ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಿ.

ಐಸ್ ಇಡುವುದಕ್ಕೂ ಕ್ರಮ ಇದೆ. ಕವರಿನಲ್ಲಿ ಐಸ್ ಚೂರುಗಳ ಜೊತೆ ಸ್ವಲ್ಪ ನೀರು ಹಾಕಿ, ಗಾಳಿ ಹೊರತೆಗೆದು ಗಂಟು ಕಟ್ಟಿ. ಕರಗುತ್ತಿರುವ ಐಸ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕ್ ಮೈನಸ್ 18ರವರೆಗೂ ಇರಬಹುದು, ಬರೀ ಚರ್ಮದ ಮೇಲಿಟ್ಟರೆ ಚರ್ಮ ಸುಟ್ಟಂತೆ ಆಗಿಬಿಡುತ್ತದೆ. ಯಾವುದಾದರೂ ಸರಿ, ನಡುವೆ ಒದ್ದೆ ಬಟ್ಟೆ ಇರಲಿ. 15 ನಿಮಿಷ ಇಟ್ಟು ತೆಗೆಯಿರಿ, ಎರಡು ಗಂಟೆ ಬಿಟ್ಟು ಬೇಕಾದರೆ ಮತ್ತೆ. ಮೊದಲು ಕೊರೆಯುತ್ತದೆ, ಆಮೇಲೆ ಉರಿ, ಆಮೇಲೆ ಸೆಳೆತ, ಕೊನೆಗೆ ಜೋಮು. ಜೋಮು ಹಿಡಿದರೆ ಸಾಕು, ತೆಗೆದುಬಿಡಿ. ಮಂಡಿಗೆ ಐಸ್ ಕಟ್ಟಿಕೊಂಡು ನಿದ್ದೆ ಹೋಗುವವರಿಗೆ ಒಂದು ಮಾತು. ಮಂಡಿಯ ಹೊರಬದಿಗೆ ಸ್ವಲ್ಪ ಕೆಳಗೆ ಒಂದು ನರ ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಅದರ ಮೇಲೆ ಐಸ್ ಬಿಗಿದು ಬಹಳ ಹೊತ್ತು ಬಿಟ್ಟರೆ ಪಾದ ಎತ್ತಲು ಬಾರದಂತಾಗಬಹುದು.

“ಐಸ್ ಇಟ್ಟರೆ ವಾತ ಏರುತ್ತೆ, ಶೀತ ಹಿಡಿಯುತ್ತೆ” ಎನ್ನುತ್ತಾರೆ ಹಿರಿಯರು. ಚಳಿಗೆ ಬಿಗಿತ ಹೆಚ್ಚುವ ಮಂಡಿಯ ಮಟ್ಟಿಗೆ ಅವರ ಅನುಭವ ನಿಜ, ಅಲ್ಲಿ ನಾನೂ ಐಸ್ ಹೇಳುವುದಿಲ್ಲ. ಇನ್ನು ಓದಿಕೊಂಡವರ ಆಕ್ಷೇಪ ಬೇರೆ. ವಿಶ್ರಾಂತಿ, ಐಸ್, ಪಟ್ಟಿ, ಕಾಲು ಎತ್ತಿಡುವುದು ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ 2014ರಲ್ಲಿ ಐಸ್ ವಾಸಿಯಾಗುವುದನ್ನು ತಡಮಾಡಬಹುದು ಎಂದು ಬರೆದರಲ್ಲ ಎನ್ನುತ್ತಾರೆ. ಬರೆದದ್ದು ಹೌದು. ಪೆಟ್ಟಾದ ಹೊಸತರಲ್ಲಿ ನೋವಿಗೆ ಸ್ವಲ್ಪ ಹೊತ್ತು ಐಸ್ ಇಡಬಹುದು ಎಂದೂ ಬರೆದರು. ಊದಿದ ಕೀಲಿಗೆ ಶಾಖ ಕೊಡಿ ಎಂದು ಅದಕ್ಕೆ ಅರ್ಥ ಹಚ್ಚುವುದು ಎಲ್ಲಿಯ ನ್ಯಾಯ?

ಶಾಖದ ಜಾಗ ಬೇರೆ, ಅಲ್ಲಿ ಅದು ನಿಜಕ್ಕೂ ದೊಡ್ಡ ಉಪಕಾರಿ. ಸವೆದ ಮಂಡಿ ಬೆಳಿಗ್ಗೆ ಏಳುವಾಗ ಹಿಡಿದುಕೊಂಡಿದೆಯಾ? ವ್ಯಾಯಾಮಕ್ಕೆ ಮೊದಲು 15–20 ನಿಮಿಷ ಶಾಖ ಕೊಡಿ, ಸ್ನಾಯು ಸಡಿಲವಾಗುತ್ತದೆ, ಆಗಲೇ ಮಂಡಿ ಮಡಿಸಿ ಚಾಚಿ. ಶಾಖ ಕೊಟ್ಟು ಸುಮ್ಮನೆ ಮಲಗಿದರೆ ಅರ್ಧ ಲಾಭ ಅಲ್ಲೇ ಹೋಯಿತು. ಬೆರಳುಗಳ ಬಿಗಿತಕ್ಕೆ 40 ಡಿಗ್ರಿ ಆಸುಪಾಸಿನ ನೀರಲ್ಲಿ ಕೈ ಅದ್ದಿ ಹತ್ತು ನಿಮಿಷ ಮುಷ್ಟಿ ಕಟ್ಟುವುದು, ಬಿಡುವುದು ಮಾಡಿ. ಚಿಕೂನ್‌ಗುನ್ಯಾ ಬಂದುಹೋದ ಮೇಲೂ ತಿಂಗಳುಗಟ್ಟಲೆ ಬೆರಳು ಮಡಿಸಲಾಗದೆ ಒದ್ದಾಡುವವರಿಗೆ, ಊತ ಇಳಿದಿದ್ದರೆ, ಇದು ಹಿತ.

ಚೀಲಕ್ಕೆ ಕುದಿಯುವ ನೀರು ಸುರಿಯಬೇಡಿ. ಮೂರನೇ ಎರಡು ಭಾಗ ತುಂಬಿಸಿ, ನೀರು ಬಾಯಿಗೆ ಬರುವವರೆಗೆ ಒತ್ತಿ ಗಾಳಿ ತೆಗೆದು ಮುಚ್ಚಳ ಹಾಕಿ, ತಲೆಕೆಳಗು ಮಾಡಿ ವಾಷರ್ ಸೋರುತ್ತದೆಯಾ ನೋಡಿ. ಗಾಳಿ ಉಳಿದರೆ ಚೀಲ ಮಂಡಿಯ ಮೇಲೆ ಬಾಗಿ ಕೂರುವುದಿಲ್ಲ. ಟವೆಲ್ ಸುತ್ತಿ ಕೀಲಿನ ಮೇಲಿಡಿ, ಚೀಲದ ಮೇಲೆ ಭಾರ ಹಾಕಿ ಮಲಗಬೇಡಿ. 60 ಡಿಗ್ರಿಯ ನೀರು ಐದು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. 44 ಡಿಗ್ರಿಯೂ ಆರು ಗಂಟೆ ತಾಗಿಕೊಂಡೇ ಇದ್ದರೆ ಸುಡುತ್ತದೆ. ಹುರಿದ ಕಲ್ಲುಪ್ಪಿನ ಗಂಟಿಗೂ ಇದೇ ಎಚ್ಚರ, ನಿಮ್ಮ ಮುಂಗೈಗೆ ಮುಟ್ಟಿಸಿ ತಡೆಯುವಷ್ಟಾದ ಮೇಲೆಯೇ ಇಡಿ.

ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಕಾಲಿಗೆ ಬಿಸಿನೀರಿನ ಚೀಲ ಬೇಡವೇ ಬೇಡ, ಐಸೂ ಬೇಡ. ಸುಡುವುದು ಅವರಿಗೆ ಗೊತ್ತಾಗುವುದಿಲ್ಲ, ಬೊಬ್ಬೆ ಕಂಡಾಗಲೇ ಗೊತ್ತಾಗುವುದು, ಆ ಗಾಯ ಮಾಯಲು ತಿಂಗಳುಗಳೇ ಹಿಡಿಯಬಹುದು. ದಯವಿಟ್ಟು ಮನೆಯ ಹಿರಿಯರ ಪಾದದ ಸ್ಪರ್ಶ ಮೊದಲು ಪರೀಕ್ಷಿಸಿ. ಉರಿಯುವ ಮುಲಾಮು ಹಚ್ಚಿದ ಜಾಗದ ಮೇಲೆ ಯಾರಿಗೂ ಶಾಖ ಬೇಡ, ಮದ್ದು ಚರ್ಮದೊಳಗೆ ಹೆಚ್ಚು ಇಳಿದು ಸುಟ್ಟಗಾಯವಾಗಬಹುದು.

ರಾತ್ರೋರಾತ್ರಿ ಕಾಲಿನ ಹೆಬ್ಬೆರಳಿನ ಬುಡ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂತಾದರೆ ಅದು ಗೌಟ್, ಅಂದರೆ ಕೀಲಿನಲ್ಲಿ ಯೂರಿಕ್ ಆಮ್ಲದ ಹರಳು ಕಟ್ಟುವ ಕಾಯಿಲೆ, ಇರಬಹುದು. ಅಲ್ಲಿ ಹಿತ ಕೊಡುವುದು ಐಸ್. ಜ್ವರದ ಜೊತೆ ಒಂದೇ ಕೀಲು ಬಿಸಿಯಾಗಿ ಊದಿ ಅಲುಗಾಡಿಸಲಾಗದಿದ್ದರೆ ಕೀಲಿನೊಳಗೆ ಕೀವು ಕಟ್ಟಿರುವ ಅನುಮಾನ. ಅದಕ್ಕೆ ಐಸೂ ಇಲ್ಲ, ಶಾಖವೂ ಇಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಿ.