ಜಾರ್ಜ್ ಫರ್ನಾಂಡಿಸ್ ಮತ್ತು ಊಟದ ಮೇಜಿನ ಜಗಳ

ಕಾರ್ಮಿಕ ನಾಯಕ, ಆಮೇಲೆ ಕೇಂದ್ರ ಮಂತ್ರಿ ಆದ ಜಾರ್ಜ್ ಫರ್ನಾಂಡಿಸ್ ಬಗ್ಗೆ ಯಾರೇ ಬರೆದ್ರೂ 1974ರ ರೈಲ್ವೆ ಮುಷ್ಕರ, ತುರ್ತು ಪರಿಸ್ಥಿತೀಲಿ ಬೇಡಿ ಹಾಕಿದ ಕೈ ಎತ್ತಿದ ಫೋಟೋ, ಕೋಕಾ ಕೋಲಾನ ದೇಶದಿಂದ ಹೊರಗೆ ಕಳಿಸಿದ್ದು, ಕೊಂಕಣ ರೈಲು, ಆಮೇಲೆ ಬಿಜೆಪಿ ಜೊತೆ ಹೋಗಿದ್ದು ಸರಿಯಾ ತಪ್ಪಾ ಅಂತ ಜಗಳ. ಅಲ್ಲಿಗೆ ಮುಗೀತು. (ನನ್ನ ಕೇಳಿದ್ರೆ ತಪ್ಪು, ಅದು ಬೇರೆ ಮಾತು.) ನಂಗೆ ಕುತೂಹಲ ಇರೋದು ಇದೆಲ್ಲಕ್ಕಿಂತ ಹಿಂದಿನ ನಾಲ್ಕೈದು ವರ್ಷದ್ದು.

1946ರಲ್ಲಿ 16 ವರ್ಷದ ಹುಡುಗನ್ನ ಮಂಗಳೂರಿಂದ ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಗೆ ಕಳಿಸ್ತಾರೆ, ಹಿರೀ ಮಗ, ಪಾದ್ರಿ ಆಗ್ಲಿ ಅಂತ. ಎರಡೂವರೆ ವರ್ಷಕ್ಕೆ ಬಿಟ್ಟು ಬಂದ್ರು. ಅವ್ರೇ ಹೇಳ್ಕೊಂಡಂತೆ ಅಲ್ಲಿ ರೆಕ್ಟರ್‌ಗಳಿಗೆ (ಸೆಮಿನರಿ ನಡೆಸೋ ಹಿರಿಯ ಪಾದ್ರಿಗಳಿಗೆ) ಎತ್ತರದ ಮೇಜು, ಒಳ್ಳೇ ಊಟ, ಕಲಿಯೋ ಹುಡುಗ್ರಿಗೆ ಬೇರೆ. ನಾನು ಏನೋ ದೇವರ ಬಗ್ಗೆನೇ ದೊಡ್ಡ ತರ್ಕ ಇರ್ಬೇಕು ಅಂದ್ಕೊಂಡಿದ್ದೆ, ನೋಡಿದ್ರೆ ಪಂಕ್ತಿಭೇದ ಮಾರಾಯ್ರೆ!

ಊರಿಗೆ ಬಂದವ್ರು ಸೀದಾ ಹೋಗಿದ್ದು ಎಲ್ಲಿಗೆ? ಹೋಟೆಲ್ ಕೆಲಸಗಾರರ ಹತ್ರ, ಸಾರಿಗೆ ಕಾರ್ಮಿಕರ ಹತ್ರ. ಮೇಜಲ್ಲಿ ಭೇದ ತಡ್ಕೊಳ್ಳಕ್ಕಾಗ್ದವ್ರು ಮೇಜು ಒರೆಸೋ ಮಾಣಿಗಳಿಗೆ ಸಂಘ ಕಟ್ಟೋಕೆ ನಿಂತ್ರು, ಆಗ ವಯಸ್ಸು ಬರೀ 19. ಜೊತೆಗೆ 'ರೈತವಾಣಿ' ಅಂತ ಕನ್ನಡ ವಾರಪತ್ರಿಕೆ, 'ಕೊಂಕಣಿ ಯುವಕ್' ಅಂತ ಮಾಸಿಕ, ಎರಡಕ್ಕೂ ಸಂಪಾದಕರು.

1949ರಲ್ಲಿ ಬೊಂಬಾಯಿ. ಚೌಪಾಟಿ ಬೆಂಚಲ್ಲಿ ಮಲಗ್ತಿದ್ರು, ನಡುರಾತ್ರಿ ಪೊಲೀಸ್ರು ಎಬ್ಬಿಸಿ ಓಡಿಸ್ತಿದ್ರು, ಈ ಕಥೆ ಎಲ್ರಿಗೂ ಗೊತ್ತು, ಎಲ್ರೂ ಇದನ್ನೇ ಹೇಳಿ ಕಣ್ಣೀರು ಹಾಕ್ತಾರೆ. ಬೆಂಚಲ್ಲಿ ಮಲಗಿದವ್ರು ಆ ಊರಲ್ಲಿ ಸಾವಿರಾರು ಜನ ಇದ್ರಪ್ಪ. ಮುಂದಿನದ್ದನ್ನ ಯಾರೂ ಹೇಳಲ್ಲ. ಒಂದು ಪತ್ರಿಕೆಯಲ್ಲಿ ಪ್ರೂಫ್ ರೀಡರ್ ಕೆಲಸ ಸಿಕ್ತು, ಬೇರೆಯವ್ರು ಬರೆದಿದ್ರಲ್ಲಿ ತಪ್ಪು ಹುಡುಕೋ ಕೆಲಸ, ಅದೇ ಹಿಡ್ಕೊಂಡು ಆರಾಮಾಗಿ ಇರ್ಬಹುದಿತ್ತು. ಇರ್ಲಿಲ್ಲ. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೋ ಜೊತೆ ಸೇರ್ಕೊಂಡು ಬಂದರು, ಹೋಟೆಲ್, ಟ್ಯಾಕ್ಸಿ ಅಂತ ಯೂನಿಯನ್ ಕಟ್ತಾ ತಿರುಗಿದ್ರು. ಇವತ್ತು ಚುನಾವಣೆ ಅಫಿಡವಿಟ್‌ನಲ್ಲಿ ವೃತ್ತಿ ಅಂದಲ್ಲಿ 'ಸಮಾಜ ಸೇವೆ' ಅಂತ ತುಂಬಿಸೋರನ್ನ ನೋಡಿದಾಗೆಲ್ಲ ಇದು ನೆನಪಾಗತ್ತೆ.

1967ರಲ್ಲಿ ದಕ್ಷಿಣ ಬೊಂಬಾಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್. ಕೆ. ಪಾಟೀಲರಂಥವ್ರನ್ನೇ ಸೋಲಿಸಿದಾಗ ದೇಶ ಎಲ್ಲ ದಂಗಾಯ್ತು. ಅಲ್ಲೇ ಹೋಟೆಲಲ್ಲಿ ಮಾಣಿ ಆಗಿದ್ದ ನಮ್ ದೊಡ್ಡಪ್ಪ ಮಾತ್ರ "ಅದ್ರಲ್ಲೆಂತ ಉಂಟು, ನಾವೆಲ್ಲ ಇದ್ದೆವಲ್ಲ" ಅಂತಿದ್ರು. ಅವ್ರ ಹೆಸ್ರು ವೋಟರ್ ಲಿಸ್ಟಲ್ಲಿ ಇದ್ದಿದ್ದು ಊರಲ್ಲಿ, ಅದು ಬೇರೆ.